ಎತ್ತಿದ ಬಲಗಾಲು

ಶಾಲೆಯ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಮೇಷ್ಟರೊಬ್ಬರು ಮೊದಲ ಸಲ ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಗೆ ಹೋದ ದಿನ, ಅಲ್ಲಿ ಅಸ್ಥಿಪಂಜರಗಳನ್ನು ಕಟ್ಟುತ್ತಿದ್ದ ಮೂಳೆ ಮೇಸ್ತ್ರಿ ತಲೆಯೆತ್ತಿಯೂ ನೋಡಲಿಲ್ಲ. ಅವರ ಮೇಜಿನ ಮೇಲೆ ಎರಡು ದವಡೆಗಳಿದ್ದವು. ಒಂದು ಡಾಂಬರಿನ ಹೊಂಡದಲ್ಲಿ ಸಾವಿರಾರು ವರ್ಷ ಹೂತಿದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಬೆಳ್ಳಗಿತ್ತು.

"ಮುಟ್ಟಬೇಡಿ, ಬರೀ ನೋಡಿ," ಎಂದರು. "ಬಿಳೀದು ಈಗಿನ ತೋಳದ್ದು. ಇದು ಡೈರ್ ತೋಳ ಅಂತ. ಇದರ ವಂಶಾನೇ ಅಳಿದು ಹತ್ತು ಸಾವಿರ ವರ್ಷದ ಮೇಲಾಯ್ತು. ನೋಡೋಕೆ ಅಣ್ಣ ತಮ್ಮಂದಿರ ಹಾಗಿದ್ರೂ ದೂರದ ನೆಂಟರು ಅಷ್ಟೇ. ಹಲ್ಲು ಎಷ್ಟು ದಪ್ಪ ನೋಡಿ. ಮೈಯೂ ಭಾರ, ಕಾಲು ಮಾತ್ರ ತುಸು ಗಿಡ್ಡ. ದೊಡ್ಡ ದೊಡ್ಡ ಪ್ರಾಣಿಗಳನ್ನ ಕೆಡವಿ ತಿಂತಿತ್ತು. ಅವು ಹೋದವು, ಇದೂ ಹೋಯ್ತು. ಈ ಸಣಕಲ ಮಾತ್ರ ಸಿಕ್ಕಿದ್ದನ್ನ ಅಟ್ಟಿಸ್ಕೊಂಡು ಹೋಗಿ ಬದುಕ್ಕೊಂಡ."

ಆಮೇಲೆ, ತಟ್ಟೆ ಹಿಡಿದು ನಿಂತಿದ್ದ ಸಹಾಯಕನ ಕಡೆ ಗಲ್ಲ ತಿರುಗಿಸಿದರು. "ಇವನು ನನ್ನ ಭಾಮೈದ. ಹೆಂಡತಿ ಜೊತೆ ಬಂದ ಉಡುಗೊರೆ. ಹತ್ತು ವರ್ಷ ಆಯ್ತು, ಇನ್ನೂ ಮೂಳೆ ಗುರುತು ಸಿಗಲ್ಲ."

ಮಕ್ಕಳು ನಕ್ಕರು. ಭಾಮೈದನೂ ನಕ್ಕ. ಆ ಮಾತನ್ನು ಅವನು ಬರುವ ಹೋಗುವವರೆಲ್ಲರ ಮುಂದೆ ಕೇಳಿಸಿಕೊಂಡಿದ್ದ.

ಮರುವರ್ಷ ಮೇಸ್ತ್ರಿ ಡೈರ್ ತೋಳದ ಪೂರ್ತಿ ಅಸ್ಥಿಪಂಜರವನ್ನು ಕಟ್ಟಿದರು. ಅದು ಒಂದೇ ತೋಳದ್ದಲ್ಲ. ಹೊಂಡದಲ್ಲಿ ಸಿಕ್ಕಿದ ಹದಿನೇಳು ತೋಳಗಳ ಮೂಳೆಗಳನ್ನು ಆರಿಸಿ ಜೋಡಿಸಿದ್ದು. ಬಲ ಮುಂಗಾಲಿನ ಒಂದು ಮೂಳೆ ಮಾತ್ರ ಯಾವುದರದ್ದೂ ಹೊಂದಲಿಲ್ಲ. ಅದಕ್ಕೆ ಪ್ಲಾಸ್ಟರಿನಲ್ಲಿ ಅಚ್ಚು ಎರೆದು ಕಂದು ಬಣ್ಣ ಬಳಿದರು. ಬಣ್ಣ ಹದವಾಗಿದೆಯೇ ಎಂದು ಮೊದಲು ಈಗಿನ ತೋಳದ ಅಂಥದ್ದೇ ಬೇಡದ ಮೂಳೆಯೊಂದಕ್ಕೆ ಹಚ್ಚಿ ನೋಡುವುದು ಅವರ ಪದ್ಧತಿ. ಆ ದಿನ ಎರಡೂ ಒಂದೇ ತಟ್ಟೆಯಲ್ಲಿ ಒಣಗಿದ್ದವು. ಮೇಸ್ತ್ರಿಯ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಟ್ಟೆಗೆ ಕೈಹಾಕಿ ತಪ್ಪು ಮೂಳೆಯನ್ನು ಎತ್ತಿಕೊಂಡರು.

ಅದು ಅರ್ಧ ಬೆರಳಷ್ಟು ಉದ್ದವಾಯಿತು. ಮೂಳೆಗಳನ್ನು ಹಿಡಿದು ನಿಲ್ಲಿಸುವ ಕಂಬಿ ತಮ್ಮಿಂದಲೇ ಗಿಡ್ಡವಾಗಿರಬೇಕೆಂದುಕೊಂಡು ಮೇಸ್ತ್ರಿ ಅದನ್ನು ಬಗ್ಗಿಸಿ, ಪಾದ ತುಸು ಮೇಲೆದ್ದಂತೆ ನಿಲ್ಲಿಸಿದರು. ಭಾಮೈದ ಎಲ್ಲವನ್ನೂ ನೋಡಿದ. ಪ್ಲಾಸ್ಟರಿನ ಮೂಳೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತನ್ನ ಡ್ರಾಯರಿನಲ್ಲಿಟ್ಟುಕೊಂಡ.

ನೋಡಲು ಬಂದವರೆಲ್ಲ ಹೊಗಳಿದ್ದು ಆ ಕಾಲನ್ನೇ. ಬೇಟೆಯ ವಾಸನೆ ಹಿಡಿದು ಹೆಜ್ಜೆ ಎತ್ತಿದ ಹಾಗಿದೆ ಎಂದರು. ಮೇಸ್ತ್ರಿಯ ಕೈಕೆಲಸ ಎಂದ ಮೇಲೆ ಅಳೆದು ನೋಡುವ ಗೋಜಿಗೆ ಯಾರು ಹೋಗುತ್ತಾರೆ?

ಹನ್ನೊಂದು ವರ್ಷಗಳ ಮೇಲೆ ಮೇಸ್ತ್ರಿಗೆ ನಿವೃತ್ತಿಯಾಯಿತು. ಅಸ್ಥಿಪಂಜರದ ಕೆಳಗೆ ಅವರ ಹೆಸರಿನ ಹಿತ್ತಾಳೆ ಫಲಕ ಹಾಕಿಸುವುದಾಗಿ ಸಂಗ್ರಹಾಲಯದ ನಿರ್ದೇಶಕಿ ಮಾತು ಕೊಟ್ಟಿದ್ದರು. ಮೇಸ್ತ್ರಿ ಬದುಕಿನಲ್ಲಿ ಬೇರೇನನ್ನೂ ಬಯಸಿದವರಲ್ಲ. ಅಂದು ಹೊಸ ಅಂಗಿ ತೊಟ್ಟು ಬಂದಿದ್ದರು. ನಿರ್ದೇಶಕಿ ಫಲಕದ ಮೇಲಿನ ಬಟ್ಟೆಗೆ ಕೈಹಾಕಿದಾಗ ಭಾಮೈದ ಮುಂದೆ ಬಂದ.

"ಭಾವ, ಒಂದು ಸಣ್ಣ ಅನುಮಾನ. ಕೇಳಲಾ?"

"ಕೇಳೋ. ಕೊನೇ ದಿನಾನಾದ್ರೂ ಏನಾದ್ರೂ ಕಲಿತ್ಕೋ."

"ಆ ಬಲಗಾಲು ಯಾವ ತೋಳದ್ದು?"

ಮೇಸ್ತ್ರಿ ನಕ್ಕರು. ಭಾಮೈದ ಪತ್ರಿಕೆಯನ್ನು ಬಿಚ್ಚಿ ಪ್ಲಾಸ್ಟರಿನ ಮೂಳೆಯನ್ನು ಅವರ ಅಂಗೈ ಮೇಲಿಟ್ಟ. "ನೀವು ಎರೆದ ಅಚ್ಚು ಇದು. ಅಲ್ಲಿರೋದು ಬಣ್ಣ ನೋಡೋಕೆ ಅಂತ ಬಳಿದಿದ್ರಲ್ಲ, ಆ ಸಣಕಲಂದು."

ನಿರ್ದೇಶಕಿ ಅಳತೆಪಟ್ಟಿ ತರಿಸಿ ಎರಡೂ ಮುಂಗಾಲುಗಳನ್ನು ಅಳೆದರು, ಮತ್ತೊಮ್ಮೆ ಅಳೆದರು.

"ನಿಂಗೆ ಯಾವಾಗ ಗೊತ್ತಾಯ್ತು?" ಮೇಸ್ತ್ರಿ ಮೆಲ್ಲಗೆ ಕೇಳಿದರು.

"ನೀವು ಕೂರಿಸಿದ ದಿನಾನೇ."

"ಹನ್ನೊಂದು ವರ್ಷ ಆಯ್ತಲ್ಲೋ. ಒಂದು ಮಾತು ಹೇಳಬಾರದಿತ್ತಾ?"

"ನಂಗೆ ಮೂಳೆ ಗುರುತು ಸಿಗಲ್ಲ ಅಂತ ನೀವೇ ಅಲ್ವಾ ಭಾವ ಹೇಳ್ತಿದ್ದಿದ್ದು?"

ಯಾರೋ ಕಿಸಕ್ಕೆಂದರು. ನಿರ್ದೇಶಕಿ ಫಲಕವನ್ನು ಬಟ್ಟೆ ಸಮೇತ ಕಂಕುಳಲ್ಲಿಟ್ಟುಕೊಂಡು, "ಊಟ ಮಾಡ್ಕೊಂಡೇ ಹೋಗಿ," ಎಂದು ಹೊರಟುಬಿಟ್ಟರು. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, "ನನ್ನ ತಮ್ಮನಿಗೆ ಇಷ್ಟು ತಾಳ್ಮೆ ಇದೆ ಅಂತ ನಂಗೇ ಗೊತ್ತಿರಲಿಲ್ಲ," ಎಂದು ತಟ್ಟೆಗೆ ಬಡಿಸಿದರು.

ಈಗ ಆ ಕೆಲಸದಲ್ಲಿ ಭಾಮೈದನಿದ್ದಾನೆ. ಕಾಲನ್ನು ಬಿಚ್ಚಿ ಪ್ಲಾಸ್ಟರಿನ ಮೂಳೆಯನ್ನು ಕೂರಿಸಿ, ಪಾದವನ್ನು ಹೊಸದಾಗಿ ಕಟ್ಟಿದವನು ಅವನೇ. ತೋಳ ನಾಲ್ಕೂ ಕಾಲೂರಿ ನಿಂತಿದೆ. ತಪ್ಪು ಮೂಳೆಯನ್ನು ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಿದ್ದಾನೆ. ಶಾಲೆಯ ಮಕ್ಕಳು ಬಂದರೆ ಅದನ್ನು ತೋರಿಸಿ, "ಇದನ್ನ ಕೂರಿಸಿದವರು ಅಗೋ ಅಲ್ಲೇ ಕೂತಿದ್ದಾರೆ," ಎನ್ನುತ್ತಾನೆ. ಮಕ್ಕಳು ನಗುತ್ತಾರೆ.

ಅಲ್ಲಿ ಬೆಂಚಿನ ಮೇಲೆ ಪ್ರತಿ ಶನಿವಾರ ಮೇಸ್ತ್ರಿ ಕೂತಿರುತ್ತಾರೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಎಲ್ಲ ನಿಚ್ಚಳವಾಗಿ ಕಾಣುತ್ತದೆ. ಹೊಸದಾಗಿ ಕಟ್ಟಿದ ಪಾದದಲ್ಲಿ ಎರಡು ಬೆರಳಿನ ಮೂಳೆಗಳು ಅದಲುಬದಲಾಗಿರುವುದನ್ನು ಮೊದಲ ಶನಿವಾರವೇ ಕಂಡರು. ಹೆಂಡತಿಗೂ ಹೇಳಿಲ್ಲ.

ಭಾಮೈದನ ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ಮೇಸ್ತ್ರಿ ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಮೈದಾನಕ್ಕೆ ನಾಲ್ಕು ಸುತ್ತು ನಡೆಯುತ್ತಾರೆ, ಕೊನೆಯ ಸುತ್ತು ತುಸು ಬಿರುಸಾಗಿ.