ಕೆರೆಯ ಒಳಗನ್ನು ಕಂಡ ಉಚ್ಚಂಗಪ್ಪ

ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸು ನಿಲ್ಲುವ ಜಾಗದ ಎದುರಿಗೇ ಉಚ್ಚಂಗಪ್ಪನ ಸೈಕಲ್ ರಿಪೇರಿ ಅಂಗಡಿ ಇತ್ತು. ನಾನಾಗ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಪೇಪರು ಓದುವುದು ನನ್ನ ರೂಢಿ. ನಮ್ಮ ಸೀಮೆಯಲ್ಲಿ ಬಲೆ ಬೀಸುವವರಿದ್ದರು, ಗಾಳ ಹಾಕುವವರಿದ್ದರು. ಆದರೆ ನೀರಿನೊಳಗೆ ಮುಳುಗಿ, ಕಣ್ಣು ಬಿಟ್ಟು, ಮೀನನ್ನು ಅದು ಇರುವಲ್ಲೇ ನೋಡಿ ಈಟಿಯಿಂದ ಹೊಡೆದವನು ನಾನು ಕಂಡಂತೆ ಅವನೇ ಮೊದಲಿಗ.

ಅದು ಶುರುವಾದದ್ದು ಐವತ್ತಾರರ ಬೇಸಿಗೆಯಲ್ಲಿ. ಕೆರೆಯಲ್ಲಿ ಈಜುವಾಗ ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕು ಅಂತ ಅವನಿಗೆ ಬೇಸರ. ಲಾರಿಯ ಹಳೇ ಟ್ಯೂಬು ಕತ್ತರಿಸಿ ಕಣ್ಣು ಮೂಗು ಮುಚ್ಚುವ ಹಾಗೆ ಒಂದು ಮುಖವಾಡ ಹೊಲಿದ. ಅದಕ್ಕೆ ಗಾಜು ಬೇಕಲ್ಲ, ಮನೆಯಲ್ಲಿ ತೂಗುಹಾಕಿದ್ದ ಮದುವೆ ಫೋಟೋದ ಗಾಜು ತೆಗೆದ. ಅವನ ಹೆಂಡತಿ ವರದಮ್ಮ ಅಂಗಡಿಗೇ ಬಂದು ಕೇಳಿದಳು.

"ನಮ್ಮಿಬ್ರ ಮುಖಕ್ಕೆ ಧೂಳು ಕೂತ್ರೂ ಅಡ್ಡಿಲ್ಲ, ನಿಮಗೆ ಮೀನಿನ ಮುಖ ನೋಡ್ಬೇಕಲ್ಲ?"

"ನೋಡ್ಕೊಂಡು ಬಂದು ನಿನಗೂ ಹೇಳ್ತೀನಿ" ಅಂದ ಉಚ್ಚಂಗಪ್ಪ.

ಮೊದಲ ಸಲ ಮುಳುಗಿ ಎದ್ದವನು ದಡದಲ್ಲಿ ಕೂತು ಮುಖವಾಡದ ನೀರು ಚೆಲ್ಲಿದ. ಆಮೇಲೆ, "ಒಂದು ಔಲು ಮೀನು ನನ್ನ ಕಂಡು ಓಡ್ಲೇ ಇಲ್ಲ ಮೇಷ್ಟ್ರೆ. ಯಾರಿದು ಹೊಸಬ ಅಂತ ನಿಂತು ನೋಡ್ತು" ಅಂದ.

ಬಿದಿರಿನ ಕೋಲಿಗೆ ಮೂರು ಸ್ಪೋಕು ಕಟ್ಟಿ ಈಟಿ ಮಾಡಿದ. ಅದನ್ನು ಚಿಮ್ಮಿಸಲು ಸೈಕಲ್ ಟ್ಯೂಬಿನ ಪಟ್ಟಿ, ಹೊಡೆದ ಮೀನು ತಪ್ಪಿಸಿಕೊಳ್ಳದಿರಲಿ ಅಂತ ಒಂದು ಹುರಿ. ಒಂದು ದಿನಕ್ಕೆ ಒಂದೇ ಮೀನು, ಅದೂ ಮನೆಗೆ. ಉಳಿದ ಹೊತ್ತೆಲ್ಲ ಸುಮ್ಮನೆ ನೋಡುವುದು. ವರ್ಷದೊಳಗೆ ಅವನ ಜತೆ ನಾಲ್ಕು ಜನ ಸೇರಿದರು. ಶಿಕಾರಿಪುರದಿಂದ ಆಗಾಗ ಬರುವ ಇಬ್ಬರು, ಆಸ್ಪತ್ರೆಯ ಕಂಪೌಂಡರ್ ಪುಟ್ಟಪ್ಪ, ಸೊರಬದ ಬಸ್ಸಿನ ಕಂಡಕ್ಟರ್ ಮಾರಪ್ಪ. ಪ್ರತಿ ಭಾನುವಾರ ಕೆರೆ. ಮಾರಪ್ಪ ಎಲ್ಲರಿಗಿಂತ ಚಿಕ್ಕವನು, ಮದುವೆಯಾಗಿ ಎರಡು ವರ್ಷ, ನೀರು ಕಂಡರೆ ನಿಲ್ಲಲಾರ. ಉಚ್ಚಂಗಪ್ಪ ಎಲ್ಲರಿಗೂ ಹೇಳುತ್ತಿದ್ದದ್ದು ಎರಡೇ ಮಾತು. ಒಬ್ಬನೇ ಇಳಿಯಬಾರದು. ಹುರಿಯನ್ನು ಕೈಗೆ ಕಟ್ಟಿಕೊಳ್ಳಬಾರದು.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆಳಕ್ಕೆ ಹೋದಾಗ ಕಿವಿಯಲ್ಲಿ ಚುಚ್ಚಿದಂತಾಗುವುದು ಮೇಲೆ ಬಾ ಅನ್ನುವ ಎಚ್ಚರಿಕೆ ಅಂತ ಹೇಳಿಕೊಡುವವರು ಇರಲಿಲ್ಲ. ನೋವು ತಡೆದುಕೊಂಡರೆ ಅಭ್ಯಾಸವಾಗುತ್ತದೆ ಅಂದುಕೊಂಡ. ಕಿವಿ ಸೋರಿತು, ವಾಸಿಯಾಯಿತು, ಮತ್ತೆ ಸೋರಿತು. ಐವತ್ತೆಂಟರ ಮಳೆಗಾಲದಲ್ಲಿ ಶಿವಮೊಗ್ಗದ ಡಾಕ್ಟರು ನೋಡಿ, ಎರಡೂ ಕಿವಿಯ ತಮಟೆ ಹರಿದಿದೆ, ಇನ್ನು ತಲೆಗೆ ನೀರು ಸೋಕಿಸಬೇಡ ಅಂದರು.

ಅಂದಿನಿಂದ ಅವನು ಕೆರೆಗೆ ಹೋಗಲಿಲ್ಲ. ಗೆಳೆಯರಿಗೆ ಕಿವಿನೋವು ಅಂತಷ್ಟೇ ಹೇಳಿದ. ಕೇಳಿಸುವುದು ಎಷ್ಟು ಕಡಿಮೆಯಾಗಿದೆ ಅನ್ನುವುದು ವರದಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಯಾರಿಗೂ ಹೇಳಬೇಡಿ ಅಂತ ನನ್ನಿಂದ ಮಾತು ತಗೊಂಡಿದ್ದ.

"ಕಲಿಸೋನೇ ಕಿವುಡ ಆದ ಅಂದ್ರೆ ಆಮೇಲೆ ಯಾರು ನೀರಿಗಿಳೀತಾರ್ರೀ?"

ಯಾರಾದರೂ ದೂರದಿಂದ ಏನಾದರೂ ಅಂದರೆ ನಕ್ಕು ಕೈ ಎತ್ತುತ್ತಿದ್ದ. ಬಹಳ ಮಟ್ಟಿಗೆ ಅದು ಸಾಕಾಗುತ್ತಿತ್ತು.

ಐವತ್ತೊಂಬತ್ತರ ಫೆಬ್ರವರಿ, ಒಂದು ಶನಿವಾರ ಸಂಜೆ. ನಾನು ಬೆಂಚಿನ ಮೇಲೆ ಕೂತಿದ್ದೆ. ಸೊರಬದ ಬಸ್ಸು ಹೊರಟಿತು. ಬಾಗಿಲಲ್ಲಿ ನಿಂತ ಮಾರಪ್ಪ ಕೂಗಿದ:

"ಉಚ್ಚಂಗಪ್ಪಣ್ಣ, ನಾಳೆ ಬೆಳಿಗ್ಗೆ ಕೆರೆ ಹತ್ರ ಬರ್ತೀಯೇನಣ್ಣ? ನೀನು ನೀರಿಗೆ ಇಳೀಬ್ಯಾಡ, ದಡದಾಗೆ ಕೂತ್ರೆ ಸಾಕು."

ಉಚ್ಚಂಗಪ್ಪ ನಕ್ಕು ಕೈ ಎತ್ತಿದ. ಮಾರಪ್ಪನೂ ಕೈ ಎತ್ತಿದ. ನಾನು ಪೇಪರಿನಿಂದ ತಲೆ ಎತ್ತಿ ನೋಡಿದೆ. ಕೇಳಿಸಿರಬೇಕು ಅಂದುಕೊಂಡು ಮತ್ತೆ ಓದತೊಡಗಿದೆ.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒಗೆಯುವ ಸಣ್ಣಪ್ಪ ಕೆರೆಯ ಕಡೆಯಿಂದ ಓಡಿಬಂದ. ಮಾರಪ್ಪ ಬಿಸಿಲೇರುವ ತನಕ ಏರಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದನಂತೆ. ಆಮೇಲೆ ಒಬ್ಬನೇ ಇಳಿದನಂತೆ. ಮೇಲೆ ಬಂದಿಲ್ಲ. ಸಣ್ಣಪ್ಪನ ಕೈಸನ್ನೆಯಿಂದ ಉಚ್ಚಂಗಪ್ಪನಿಗೆ ಮಾರಪ್ಪ ಮುಳುಗಿದ್ದು ಮಾತ್ರ ತಿಳಿಯಿತು. ಮುಖವಾಡ ತಗೊಂಡು ಓಡಿದ.

ಕೆರೆಯ ಬಳಿ ಜನ ಸೇರಿದ್ದರು. ಈಜು ಬಲ್ಲವರು ಇಳಿದು ಕೈಯಾಡಿಸಿ ಬರಿಗೈಯಲ್ಲಿ ಬಂದಿದ್ದರು. ಪುಟ್ಟಪ್ಪ ಊರಲ್ಲಿರಲಿಲ್ಲ, ಶಿಕಾರಿಪುರದವರು ಆ ವಾರ ಬಂದಿರಲಿಲ್ಲ. ಕೆಳಗೆ ಏನಿದೆ ಅಂತ ನೋಡಬಲ್ಲವನು ಇವನೊಬ್ಬನೇ. ವರದಮ್ಮ ಅವನ ತೋಳು ಹಿಡಿದುಕೊಂಡಳು. ಅವನು ಅವಳ ಕೈ ಬಿಡಿಸಿ, ಮುಖವಾಡ ಹಾಕಿಕೊಂಡು ಇಳಿದ.

ಎರಡು ಸಲ ಬರಿದೇ ಎದ್ದ. ಎರಡನೇ ಸಲ ಎದ್ದಾಗ ದಡ ಯಾವ ಕಡೆ ಅನ್ನುವುದೇ ತಿಳಿಯದೆ ಸುತ್ತ ನೋಡಿದ. ಮೂರನೇ ಸಲ ಮಾರಪ್ಪನನ್ನು ತಂದ. ದೊಡ್ಡದೊಂದು ಬಾಳೆಮೀನಿಗೆ ಈಟಿ ನಾಟಿತ್ತಂತೆ, ಮೀನು ಹೋಗಿ ನೀರೊಳಗಿನ ಹಳೇ ಮರದ ಬುಡ ಸುತ್ತಿತ್ತಂತೆ. ಹುರಿ ಮಾರಪ್ಪನ ಮಣಿಕಟ್ಟಿಗೆ ಕಟ್ಟಿತ್ತು. ಅದನ್ನು ಚಾಕುವಿನಿಂದ ಕೊಯ್ದು ಬಿಡಿಸಿ ತಂದಿದ್ದ. ದಡಕ್ಕೆ ಬಂದವನ ಎರಡೂ ಕಿವಿಯಿಂದ ರಕ್ತ ಇಳಿಯುತ್ತಿತ್ತು. ಮಾರಪ್ಪನ ಹೆಂಡತಿ ಹನುಮಮ್ಮ ಎದುರಿಗೇ ಬಿದ್ದು ಅಳುತ್ತಿದ್ದಳು. ಆ ಅಳು ಅವನಿಗೆ ಕೇಳಿಸಲಿಲ್ಲ. ಅಂದಿನಿಂದ ಯಾವುದೂ ಕೇಳಿಸಲಿಲ್ಲ.

ಹನ್ನೆರಡನೇ ದಿನ ನಾನೂ ಉಚ್ಚಂಗಪ್ಪನೂ ಹನುಮಮ್ಮನ ಮನೆಗೆ ಹೋದೆವು. ಅವಳು ಕಂಬಕ್ಕೆ ಒರಗಿ ಕೂತಿದ್ದಳು.

"ಉಚ್ಚಂಗಪ್ಪಣ್ಣ ಬರ್ತಾನೆ, ಕೈ ಎತ್ತಿ ಹೇಳ್ಯಾನೆ ಅಂತ ನಗ್ತಾ ಹೋದ್ರು" ಅಂದಳು. "ಯಾಕೆ ಬರ್ಲಿಲ್ಲ ಅಂತ ಕೇಳ್ರೀ ಮೇಷ್ಟ್ರೆ."

ಉಚ್ಚಂಗಪ್ಪ ನನ್ನ ಮುಖ ನೋಡಿದ. ಅವನಿಗೀಗ ಎಲ್ಲ ಬರೆದೇ ತಿಳಿಸಬೇಕಿತ್ತು. ಬೇರೆ ಏನೋ ಒಂದು ಬರೆದು ಅವನನ್ನು ಎಬ್ಬಿಸಿಕೊಂಡು ಬರಬಹುದಿತ್ತು. ಆದರೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಜೇಬಿನ ಪುಸ್ತಕ ತೆಗೆದು ಅವಳ ಮಾತನ್ನು ಹಾಗೇ ಬರೆದು ಕೊಟ್ಟೆ.

ಅವನು ಓದಿದ. ಮತ್ತೆ ಓದಿದ. "ಯಾವಾಗ?" ಅಂದ. ದನಿ ಮನೆಯೆಲ್ಲ ತುಂಬುವಷ್ಟು ಜೋರಾಗಿತ್ತು.

ಶನಿವಾರ, ಬಸ್ಸಿನಿಂದ ಅಂತ ಬರೆದೆ.

"ನೀವು ಅಲ್ಲೇ ಇದ್ರಲ್ಲ."

ನಾನು ತಲೆಯಾಡಿಸಿದೆ. ಅವನು ಹನುಮಮ್ಮನ ಕಡೆ ತಿರುಗಿ, "ಕೇಳಿಸ್ಲಿಲ್ಲ ತಂಗಿ" ಅಂದ. "ಆರು ತಿಂಗಳಿಂದ ನನಗೆ ಸರಿಯಾಗಿ ಕೇಳ್ತಿರ್ಲಿಲ್ಲ. ನಾನು ಯಾರಿಗೂ ಹೇಳಿರ್ಲಿಲ್ಲ."

ಅವಳು ಎದ್ದು ಒಳಗೆ ಹೋದಳು. ನಾವು ಕತ್ತಲಾಗುವ ಮುಂಚೆ ಹೊರಟೆವು.

ಭಾನುವಾರದ ಗುಂಪು ಚದುರಿತು. ಪುಟ್ಟಪ್ಪನಿಗೆ ವರ್ಗವಾಯಿತು, ಶಿಕಾರಿಪುರದವರು ಮತ್ತೆ ಬರಲಿಲ್ಲ. ಉಚ್ಚಂಗಪ್ಪ ಅಂಗಡಿ ನಡೆಸಿದ. ಗಿರಾಕಿಗಳಿಗೆ ನಕ್ಕು ಕೈ ಎತ್ತುವುದನ್ನು ಬಿಟ್ಟಿದ್ದ. ಬಂದವರು ಸೈಕಲ್ಲು ನಿಲ್ಲಿಸಿ ಕೆಟ್ಟಿದ್ದನ್ನು ಬೆರಳಿಂದ ತೋರಿಸಿ ಹೋಗುತ್ತಿದ್ದರು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಕೂರುವುದನ್ನು ನಿಲ್ಲಿಸಲಿಲ್ಲ, ಆದರೆ ಪೇಪರು ಓದಲು ಮನಸ್ಸಾಗುತ್ತಿರಲಿಲ್ಲ.

ವರ್ಷ ತುಂಬುವುದಕ್ಕೆ ಸ್ವಲ್ಪ ಮುಂಚೆ ಹನುಮಮ್ಮ ಮಾರಪ್ಪನ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಅವಳ ತಮ್ಮ ಓಡಿಸುತ್ತಾನಂತೆ. ಬೆರಳಿಂದ ತೋರಿಸಲಿಲ್ಲ, ಬಾಯಲ್ಲೇ ಏನೋ ಅಂದಳು. ಉಚ್ಚಂಗಪ್ಪ ತಲೆ ಎತ್ತಿ ಅವಳ ತುಟಿ ನೋಡಿದ. ಅಂಗಡಿಯಲ್ಲಿ ಇನ್ನೂ ಇಬ್ಬರು ಮೂವರು ನಿಂತಿದ್ದರು.

"ನನಗೆ ಕಿವಿ ಕೇಳಲ್ಲ ತಂಗಿ. ಇನ್ನೊಂದ್ಸಲ ಹೇಳು" ಅಂದ.

"ಬ್ರೇಕು ಹಿಡೀತಿಲ್ಲ" ಅಂತ ಹನುಮಮ್ಮ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

ಅವನು ಸೈಕಲ್ಲನ್ನು ಮಗುಚಿ ನಿಲ್ಲಿಸಿಕೊಂಡ. ನಾನು ಸರಿದು ಜಾಗ ಕೊಟ್ಟೆ. ಅವಳು ಬೆಂಚಿನ ತುದಿಯಲ್ಲಿ ಕೂತು, ಕೆಲಸ ಮುಗಿಯುವ ತನಕ ಅವನ ಕೈಗಳನ್ನು ನೋಡುತ್ತಿದ್ದಳು.