ತೊಟ್ಟಿಲಿಗೆ ಹಚ್ಚಿದ ಸೇತುವೆಯ ಬಣ್ಣ

೧೯೩೭ನೆಯ ಇಸವಿ ನವೆಂಬರ್ ಏಳು, ಭಾನುವಾರ, ಬೆಳಿಗ್ಗೆ ಆರೂವರೆ. ಹಾಲು ಕರೆಯಲು ಹೋದ ಅಮ್ಮ ಕೊಟ್ಟಿಗೆಯಿಂದಲೇ ನನ್ನನ್ನು ಕೂಗಿದಳು. ಕರು ಗೋಡೆಗೆ ಹಣೆಯೊತ್ತಿ ನಿಂತಿತ್ತು. ಹಿಂದಕ್ಕೆ ಎಳೆದರೆ ಮತ್ತೆ ಹೋಗಿ ಅಲ್ಲೇ ಒತ್ತುತ್ತಿತ್ತು. ಹಲ್ಲು ಕಡಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಕಣ್ಣಿನ ಮುಂದೆ ಕೈ ಬೀಸಿದೆ, ರೆಪ್ಪೆ ಅಲುಗಲಿಲ್ಲ.

“ದೃಷ್ಟಿ ಆಗಿದೆ ಕಣೇ,” ಎಂದಳು ಅಮ್ಮ. “ಹಬ್ಬದ ದಿನ ಬೀದಿಯವರೆಲ್ಲ ಬಂದು ಹಸುವಿನ ಕೊಂಬು ನೋಡಿದ್ದೇ ನೋಡಿದ್ದು. ಹೋಗು, ಮೆಣಸಿನಕಾಯಿ ತಗೊಂಡ್ಬಾ.”

ನಾನು ಕದಲಲಿಲ್ಲ. ಹಸುವಿಗೆ ಹುಲ್ಲು ಹಾಕುವ ಗೋದಲಿಯ ಅಂಚನ್ನು ನೋಡುತ್ತಿದ್ದೆ. ಬಲಿಪಾಡ್ಯಮಿಯಂದು ಕೊಂಬಿಗೂ ಆ ಅಂಚಿಗೂ ಪ್ರತಿವರ್ಷ ಕೆಮ್ಮಣ್ಣು ಬಳಿಯುವುದು ನಮ್ಮ ಮನೆಯ ಪದ್ಧತಿ. ಈ ಸಲ ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಎಣ್ಣೆಬಣ್ಣವನ್ನು ಬಳಿದಿದ್ದೆವು. ಕರುವಿನ ಮೂತಿ ತಾಗುವ ಎತ್ತರದಲ್ಲಿ ಈಗ ಆ ಬಣ್ಣವೇ ಇರಲಿಲ್ಲ. ನೆಕ್ಕಿ ನೆಕ್ಕಿ ಮರ ಬಿಳಿಚಿಕೊಂಡಿತ್ತು.

ಅದೇ ಡಬ್ಬಿಯ ಬಣ್ಣವನ್ನು ನಡುಮನೆಯ ತೊಟ್ಟಿಲಿಗೂ ಹಚ್ಚಿದ್ದೆ. ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮಗಳನ್ನು ಅದರಲ್ಲಿ ಮಲಗಿಸಿ ಹೆಸರಿಡಬೇಕಾಗಿತ್ತು. ಮಗುವಿಗೆ ನಾಲ್ಕು ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಅಕ್ಕ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಬಂದಿದ್ದಳು. ಭಾವ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರು. ನಾನು ಮನೆಯ ಹಳೆಯ ತೊಟ್ಟಿಲನ್ನು ಮರಳುಕಾಗದದಲ್ಲಿ ಉಜ್ಜಿ, ಮೇಲೆ ತೂಗುಹಾಕಲು ಹಗುರ ಮರದಲ್ಲಿ ನಾಲ್ಕು ಗಿಣಿಗಳನ್ನು ಕೆತ್ತಿದ್ದೆ. ಯಾವ ಬಣ್ಣ ಹಚ್ಚುವುದೆಂದು ಸೆಪ್ಟೆಂಬರ್ ಹದಿನೆಂಟರಂದು ಮೂರು ಮರದ ಪಟ್ಟಿಗಳ ಮೇಲೆ ಪರೀಕ್ಷೆ ಮಾಡಿದ್ದೆ. ಅಂಗಡಿಯ ಬಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ಹಚ್ಚಿದ್ದು ಒದ್ದೆ ಬಟ್ಟೆ ತಾಗಿದೊಡನೆ ಕರಗಿತು. ಅರಗನ್ನು ಕಾಯಿಸಿ ಬಳಿದದ್ದು ಗಂಟುಗಂಟಾಗಿ ಮಾರನೆಯ ದಿನವೇ ಸಿಡಿಯಿತು. ಅರಗು ಕೂರಬೇಕಾದರೆ ಮರ ತಿರುಗಣಿಯ ಮೇಲೆ ತಿರುಗುತ್ತಿರಬೇಕು, ನಮ್ಮಲ್ಲಿ ತಿರುಗಣಿ ಇಲ್ಲ. ಮೂರನೆಯದು ಭಾವ ಭದ್ರಾವತಿಯ ಪೇಟೆಯಿಂದ ಕೊಂಡು ತಂದ ಎಣ್ಣೆಬಣ್ಣ. ಎಷ್ಟು ತಿಕ್ಕಿದರೂ ಬಟ್ಟೆ ಬಿಳಿಯಾಗಿಯೇ ಉಳಿಯಿತು.

“ಸೇತುವೆಗೆ ಹೊಡೆಯೋ ಬಣ್ಣ ಕಣೇ ಇದು,” ಎಂದು ಭಾವ ನಕ್ಕಿದ್ದರು. “ಭದ್ರಾ ಹೊಳೆಗೇ ಜಗ್ಗಲ್ಲ. ನಿಮ್ಮಕ್ಕನ ಮಗಳ ಜೊಲ್ಲಿಗೆ ಜಗ್ಗುತ್ತಾ?”

ಡಬ್ಬಿಯಲ್ಲಿದ್ದದ್ದು ಕೆಂಪು ಮಾತ್ರ. “ಕೆಂಪು ಗಿಣಿ ಯಾವ ಊರಲ್ಲಿ ಕಂಡಿದ್ದೀಯೇ ಮಾರಾಯ್ತಿ?” ಎಂದು ಅಕ್ಕ ಗೇಲಿ ಮಾಡಿದ್ದಳು. ಆದರೂ ಹಚ್ಚಿದೆ. ಬಣ್ಣ ಬಿಡುತ್ತದೆಯೇ ಎಂದು ನೋಡಿದ್ದೆನೇ ಹೊರತು, ಬಿಟ್ಟ ಬಣ್ಣ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಕೊಟ್ಟಿಗೆಯಿಂದ ನಡುಮನೆಗೆ ಓಡಿದೆ. ಅಕ್ಕನ ಮಗ್ಗುಲಲ್ಲಿ ಮಗು ಅಂಗಾತ ಮಲಗಿತ್ತು. ಒಂದು ಗಿಣಿಯ ಬಾಲ ಅದರ ಬಾಯಲ್ಲಿತ್ತು.

“ಯಾವಾಗಿಂದ ಕೊಟ್ಟಿದ್ದೀಯ?”

“ಈಗ ತಾನೇ. ಹಟ ಮಾಡ್ತಿತ್ತು. ಯಾಕೆ?”

ಕಿತ್ತುಕೊಂಡೆ. ಮಗು ಚೀರಿತು. ಗಿಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಎಲ್ಲೂ ಎದ್ದಿರಲಿಲ್ಲ. ಅಕ್ಕನಿಗೆ ಕರುವಿನ ಸ್ಥಿತಿಯನ್ನೂ ಗೋದಲಿಯ ಅಂಚನ್ನೂ ತೋರಿಸಿದೆ. ಅವಳು ಒಳಗೆ ಬಂದು ಮಗುವಿನ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಮತ್ತೆ ಒರೆಸಿದಳು.

ಅಪ್ಪ ದನದ ಡಾಕ್ಟರನ್ನು ಕರೆಯಲು ಹೋದರು. ಅವರು ಹೊಳಲೂರಿಗೆ ಹೋಗಿದ್ದಾರೆ, ರಾತ್ರಿಯಾಗುತ್ತದೆ ಎಂಬ ಉತ್ತರ ಬಂತು. ಮಧ್ಯಾಹ್ನದ ರೈಲಿಗೆ ಭಾವ ತಮ್ಮ ತಾಯಿಯೊಂದಿಗೆ ಬಂದಿಳಿದರು. ಅವರು ಊಟಕ್ಕೆ ಕುಳಿತಿದ್ದಾಗಲೇ ಕರು ಕಾಲು ಬಡಿದು ಸತ್ತಿತು. ಅಮ್ಮ ಅದರ ಮೇಲೆ ಗೋಣಿ ಹೊದಿಸಿದಳು.

“ಬೀಗರ ಕಿವಿಗೆ ಬೀಳೋದು ಬೇಡ,” ಎಂದು ನನ್ನ ತೋಳು ಹಿಡಿದಳು. “ಅಳಿಯಂದಿರು ಪ್ರೀತಿಯಿಂದ ತಂದ ಬಣ್ಣ. ಶುಭದ ದಿನ ಅವರ ಮುಖಕ್ಕೆ ಹೊಡೆದ ಹಾಗಾಗುತ್ತೆ.”

“ಮಗು ತೊಟ್ಟಿಲ ಅಂಚು ಚೀಪಿದ್ರೆ?”

“ಒಂದು ಗಳಿಗೆ ಮಲಗಿಸಿ ಎತ್ತಿದ್ರಾಯ್ತು, ಸುಮ್ನಿರು.”

ನಾನು ಸುಮ್ಮನಿರಲಿಲ್ಲ. ಕೈತೊಳೆಯಲು ಬಂದ ಭಾವನಿಗೆ ಹಿತ್ತಲಲ್ಲೇ ಹೇಳಿದೆ. ಅವರ ಮುಖ ಕೆಂಪಾಯಿತು.

“ಓಹೋ, ಡಾಕ್ಟರಮ್ಮ! ಬಣ್ಣ ಹೊಡೆಯೋ ಆಳುಗಳು ಅದೇ ಕೈಲಿ ಬುತ್ತಿ ಬಿಚ್ಚಿ ಉಣ್ತಾರೆ, ನಾನು ದಿನಾ ನೋಡ್ತೀನಿ. ಯಾರು ಸತ್ತಿದ್ದಾರೆ? ಹಸುವಿನ ಕೊಂಬಿಗೂ ಅದೇ ಬಣ್ಣ ಅಲ್ವಾ? ಹಸು ನಿಂತ್ಕೊಂಡು ಮೆಲುಕು ಹಾಕ್ತಿಲ್ವಾ?”

ಹಸು ಮೆಲುಕು ಹಾಕುತ್ತಿದ್ದದ್ದು ನಿಜ. ತನ್ನ ಕೊಂಬನ್ನು ತಾನೇ ನೆಕ್ಕಲಾರದು ಎಂಬುದು ನನಗೆ ಹೊಳೆಯುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು.

ಸಂಜೆ ಬೀದಿಯ ಹೆಂಗಸರು ಸೇರಿದರು. ತೊಟ್ಟಿಲಿಗೆ ಹೂವು ಕಟ್ಟಿದ್ದರು. ಅದರ ಕೆಂಪು ಬಣ್ಣ ದೀಪದ ಬೆಳಕಿಗೆ ಥಳಥಳಿಸುತ್ತಿತ್ತು. ಮಗುವನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಡುವುದು, ಆಚೆಯಿಂದ ಇನ್ನೊಬ್ಬರು ಪಡೆಯುವುದು ಎಲ್ಲ ಆಯಿತು. ಇನ್ನು ಮಲಗಿಸಬೇಕು. ಮಗು ಅಕ್ಕನ ಕೈಗೆ ಬಂತು. ಅಕ್ಕ ನಿಂತೇ ಇದ್ದಳು.

“ಮಲಗಿಸಮ್ಮ, ಹೊತ್ತು ಮೀರುತ್ತೆ,” ಎಂದಳು ಅಮ್ಮ.

ಅಕ್ಕ ತಲೆಯೆತ್ತದೆ ಭಾವನಿಗೆ ಹೇಳಿದಳು: “ಮೊದಲು ನೀವು ಆ ಅಂಚನ್ನ ಒಂದ್ಸಲ ನೆಕ್ಕಿ ತೋರ್ಸಿ. ಆಮೇಲೆ ಮಲಗಿಸ್ತೀನಿ.”

ಯಾರೋ ಕಿಸಕ್ಕನೆ ನಕ್ಕು ತಟ್ಟನೆ ನಿಲ್ಲಿಸಿದರು. ಭಾವ ನಗುತ್ತಲೇ ಮುಂದೆ ಬಂದರು, ಅಂಚಿಗೆ ಮುಖ ಬಗ್ಗಿಸಿದರು. ಅಷ್ಟಕ್ಕೇ ನಿಂತರು. ಹಿತ್ತಲಿನಿಂದ ಹಸು ಅಂಬಾ ಎಂದು ಒಂದೇ ಸಮನೆ ಕರೆಯುತ್ತಿತ್ತು. ಭಾವ ಬಗ್ಗಿದ್ದವರು ಹಾಗೆಯೇ ನೆಟ್ಟಗಾದರು. ತುಟಿ ತಾಗಿಸಲಿಲ್ಲ.

ಅವರ ತಾಯಿ ಮಗನ ಮುಖವನ್ನೇ ನೋಡುತ್ತಿದ್ದರು. “ಒಂದು ಹಳೇ ಸೀರೆ ಕೊಡಿ ಬೀಗಿತ್ತಿ,” ಎಂದು ಅಮ್ಮನತ್ತ ತಿರುಗಿದರು. “ಜೋಲಿ ಕಟ್ಟಿ. ಇವನೂ ಜೋಲಿಲೇ ಬೆಳೆದಿದ್ದು.”

ತೊಟ್ಟಿಲನ್ನು ಬಿಚ್ಚಿ, ಅದೇ ಕೊಂಡಿಗೆ ಸೀರೆ ಕಟ್ಟಿ, ಹೆಸರಿಟ್ಟೆವು. ಭಾವ ಮಾರನೆಯ ಬೆಳಿಗ್ಗೆ ನನ್ನೊಡನೆ ಮಾತಾಡದೆ ರೈಲು ಹತ್ತಿದರು. ಮಗು ಚೆನ್ನಾಗಿದೆ. ಗೋದಲಿಯ ಅಂಚನ್ನು ಅಪ್ಪ ಕಿತ್ತುಹಾಕಿದ್ದಾರೆ.

ಕರು ಸತ್ತದ್ದು ಬಣ್ಣದಿಂದಲೇ ಎಂದು ನಾನು ಹೇಳಲಾರೆ. ಕರುವನ್ನು ಹೂತ ಮೇಲೆ ಮಾರನೆಯ ದಿನ ಬಂದ ಡಾಕ್ಟರು, ನೋಡದೆ ಏನೂ ಹೇಳಲಾಗದು ಎಂದರು. ಭಾವನ ಮಾತೇ ಸರಿಯಾಗಿದ್ದರೆ ತುಂಬಿದ ಮನೆಯಲ್ಲಿ ಅವರಿಗೆ ಅವಮಾನವಾದದ್ದು ಅನ್ಯಾಯ. ಹಾಗಿದ್ದಲ್ಲಿ ಅವರ ಕ್ಷಮೆ ಕೇಳಲು ಸಿದ್ಧಳಿದ್ದೇನೆ. ಇಂಥ ಕೆಂಪು ಎಣ್ಣೆಬಣ್ಣವನ್ನು ದನಕರು ನೆಕ್ಕಿದ್ದನ್ನು ಕಂಡವರು, ಮಕ್ಕಳ ಬಾಯಿಗೆ ಹೋಗುವ ಆಟಿಕೆಗೆ ಯಾವ ಬಣ್ಣ ಸರಿಯೆಂದು ಬಲ್ಲವರು, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ನನ್ನದು ತಪ್ಪೆಂದು ತೋರಿಸುವವರೂ ಬರೆಯಲಿ.