ಒಂದೇ ತಾಟಿನ ಅಕ್ಕತಂಗಿಯರು

ಪಕ್ಕದ ಮನೆಯ ಪಂಚಶೀಲಾಳ ಮೇಲೆ ನನಗಿದ್ದ ಸಿಟ್ಟು ಸಣ್ಣದೇನಲ್ಲ. ಕಲಬುರಗಿಯಲ್ಲಿ ಶಾಲಾ ಯೂನಿಫಾರ್ಮ್ ಹೊಲಿದು ಬದುಕುವ, ನಲವತ್ತು ದಾಟಿದ ಒಂಟಿ ಹೆಂಗಸು. ಕಮಲಾಪುರದ ತಮ್ಮ ದಿಲೀಪನ ಮನೆಯಿಂದ ಒಂದು ನಾಯಿಮರಿ ತರುತ್ತೇನೆಂದು ಹೋಗಿ ಎರಡು ತಂದಳು.

‘ಒಂದ ತಂದ್ರ ಅಳ್ತದ್ರಿ ಅಕ್ಕೋರ. ಒಡಹುಟ್ಟಿದವ್ರನ್ನ ಅಗಲಸಬಾರ್ದು.’

ಕೆಂಚಿ, ಚುಕ್ಕಿ. ಎರಡಕ್ಕೂ ಒಂದೇ ತಾಟು, ಒಂದೇ ಗೋಣಿಚೀಲ. ಒಂದೇ ತಾಟಿನಲ್ಲಿ ಉಂಡ ಮಕ್ಕಳು ದೊಡ್ಡವರಾದ ಮೇಲೆ ಜಗಳಾಡುವುದಿಲ್ಲವೆಂದು ಅವಳ ಅವ್ವ ಅವಳಿಗೂ ದಿಲೀಪನಿಗೂ ಕೂಡಿಸಿಯೇ ಉಣಿಸಿದ್ದಳಂತೆ. ಅವರಿಬ್ಬರೂ ಇಂದಿಗೂ ಜಗಳಾಡಿಲ್ಲ, ನಿಜ. ಆದರೆ ಮನುಷ್ಯರ ರೀತಿ ನಾಯಿಗೆ ಒಪ್ಪುತ್ತದೆಯೇ? ಆ ಮರಿಗಳಿಗೆ ಒಂದಕ್ಕೊಂದು ಬಿಟ್ಟರೆ ಬೇರೆ ಯಾರೂ ಬೇಕಿರಲಿಲ್ಲ. ಪಂಚಶೀಲಾ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಕೆಂಚಿಯನ್ನು ಹೊರಗೆ ಒಯ್ದರೆ ಚುಕ್ಕಿ ಒಳಗೆ ಬಾಗಿಲು ಕೆರೆದು ಊಳಿಡುತ್ತಿತ್ತು. ಶಾಲೆಯ ಕೆಲಸದಿಂದ ನಿವೃತ್ತಳಾದ ನನಗೆ ಉಳಿದಿದ್ದ ಒಂದೇ ಸುಖ ಮಧ್ಯಾಹ್ನದ ನಿದ್ದೆ, ಅದೂ ಹೋಯಿತು.

ಎಂಟು ತಿಂಗಳಾಗುತ್ತಿದ್ದಂತೆ ಅದೇ ತಾಟಿನ ಮೇಲೆ ಜಗಳ ಹತ್ತಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಅಕ್ಕತಂಗಿಯರೂ ಅಷ್ಟೇ. ಮೂರನೆಯ ಸಲ ಕೆಂಚಿ ಚುಕ್ಕಿಯ ಕಿವಿಯನ್ನು ಕಚ್ಚಿ ಹರಿಯಿತು. ಬಿಡಿಸಲು ಹೋದ ಪಂಚಶೀಲಾಳ ಹೆಬ್ಬೆರಳಿಗೂ ಹಲ್ಲು ನಾಟಿತು. ಇಂಜೆಕ್ಷನ್ ಒಂದು ಕಡೆ, ಹದಿನೈದು ದಿನ ಕತ್ತರಿ ಹಿಡಿಯಲಾಗದ್ದು ಇನ್ನೊಂದು ಕಡೆ. ದನದ ಡಾಕ್ಟರ್ ಗುಫ್ರಾನ್ ಸಾಹೇಬರು ಬೈದೇ ಬಿಟ್ಟರು.

‘ಮೊದ್ಲಿಂದ ಬ್ಯಾರೆ ಬ್ಯಾರೆ ಉಣಿಸಿ, ಬ್ಯಾರೆ ಬ್ಯಾರೆ ತಿರುಗಾಡಿಸ್ಬೇಕಿತ್ತು. ಈಗ ಒಂದನ್ನ ಕಳಸ್ರಿ. ಇಲ್ಲಾಂದ್ರ ಒಂದು ಸಾಯ್ತದ.’

ದಿಲೀಪ ಬಂದು ಕೆಂಚಿಯನ್ನು ಕಮಲಾಪುರಕ್ಕೆ ಒಯ್ದ. ಅಂದಿನಿಂದ ಚುಕ್ಕಿ ಉಣ್ಣುವುದನ್ನೇ ಬಿಟ್ಟಿತು. ಹಾಲು, ಮೊಟ್ಟೆ, ಕಡೆಗೆ ನಾನೇ ಕೊಟ್ಟ ರೊಟ್ಟಿ ಹಾಲು, ಏನಿಟ್ಟರೂ ಒಂದೆರಡು ಸಲ ನೆಕ್ಕಿ ಮುಖ ತಿರುಗಿಸುತ್ತಿತ್ತು. ಪಕ್ಕೆಲುಬುಗಳು ಎದ್ದು ಕಂಡವು. ಹತ್ತನೆಯ ದಿನ ಪಂಚಶೀಲಾ, ‘ಕಚ್ಚಾಡಿದ್ರೂ ಚಿಂತಿಲ್ರಿ, ಕೆಂಚೀನ ಕರ್ಕೊಂಡ ಬರ್ತೀನಿ. ಇದು ಸಾಯೋದು ನೋಡ್ಕೋತ ಕೂಡಲಾರೆ’ ಎಂದು ಚುಕ್ಕಿಯನ್ನು ನನ್ನ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದಳು.

ಸಂಜೆ ಒಬ್ಬಳೇ ಬಂದಳು.

‘ಅಲ್ಲಿ ಆರಾಮ ಅದರಿ ಕೆಂಚಿ. ದಿಲೀಪ ಹೆಸರು ಹಿಡಿದು ಕರೆದ್ರ ಓಡಿ ಬರ್ತದ. ನನ್ನ ನೋಡಿ ಕುಣೀತು, ಸೀರಿಗೆ ಮೈ ತಿಕ್ಕಿತು, ಮತ್ತ ಅವನ ಹಿಂದ ಹೋಯ್ತು. ಎಂಟು ತಿಂಗಳು ನಾ ಕರ್ದೀನ್ರಿ ಅಕ್ಕೋರ, ಒಮ್ಮಿನೂ ಬಂದಿಲ್ಲ. ಹೆಂಗ ಎಳ್ಕೊಂಡ ಬರ್ಲಿ?’

ಇಷ್ಟು ದಿನ ಅವಳನ್ನು ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮೂಲೆಯಲ್ಲಿ ಬಿದ್ದಿದ್ದ ಚುಕ್ಕಿ ಎದ್ದು ಬಂದು ಅವಳ ಸೀರೆ ಮೂಸಿತು. ಹತ್ತು ದಿನಗಳ ಮೇಲೆ ಬಾಲ ಅಲ್ಲಾಡಿತು. ಪಂಚಶೀಲಾಳ ಮುಖ ಅರಳಿತು, ನೆಲದ ಮೇಲೆ ಕೂತು ಎರಡೂ ಕೈ ಚಾಚಿದಳು. ಚುಕ್ಕಿ ಅವಳನ್ನು ದಾಟಿ ಓಣಿಗೆ ಓಡಿತು. ಅವಳು ಬಂದ ದಾರಿಯನ್ನೇ ನೋಡುತ್ತ ನಿಂತಿತು.

‘ಆಕಿ ಬಂದಿಲ್ಲವ್ವಾ,’ ಪಂಚಶೀಲಾ ಕೂತಲ್ಲಿಂದಲೇ ಅಂದಳು, ‘ನಾ ಬಂದೀನಿ.’